ಪುಸ್ತಕವನ್ನು ಮುಚ್ಚಿ ಬರೆಯುವುದು



ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಇಂಗ್ಲಿಷಿನಲ್ಲಿ ಪ್ರಬಂಧವೊಂದನ್ನು ಬರೆದು ತಂದನು. ಮೊದಲನೆಯ ಪುಟದಲ್ಲಿ ತಪ್ಪುಗಳು ಹೇರಳವಾಗಿದ್ದುವು. ಎರಡನೆಯದರಲ್ಲಿ ಒಂದಾದರೂ ಇರಲಿಲ್ಲ. ಎರಡನೆಯ ಪುಟವು ಯಾರದೆಂದು ಕೇಳಿದೆನು. ಅವನು ಮರೆಮಾಚಲಿಲ್ಲ. “ಗ್ರಂಥಕರ್ತರು ಅಷ್ಟು ಚೆನ್ನಾಗಿ ಹೇಳಿರುವಾಗ, ನನ್ನ ಹರಕು ಇಂಗ್ಲಿಷಿನಿಂದ ಅದನ್ನು ಕೆಡಿಸುವುದೇಕೆ, ಸಾರ್?” ಎಂದನು. ನಾನು ಕೋಪಿಸಿಕೊಂಡು ಸೊನ್ನೆ ಹಾಕಿ ಕಳುಹಿಸಿದೆನು. ಅವನ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿರಲಿಲ್ಲ.

ಅವನನ್ನು ಕಳ್ಳನೆನ್ನಲು ನನಗೆ ಮನಸ್ಸಿಲ್ಲ. ನಾವು ಹೇಳಿ ಬರೆಸಿದ ನೋಟ್ಸನ್ನು ಪರೀಕ್ಷೆಯಲ್ಲಿ ಅಕ್ಷರ ತಪ್ಪದೆ ಒಪ್ಪಿಸಿದರೆ ಅಂಕ. ಪುಸ್ತಕದ ಮಾತನ್ನು ಪ್ರಬಂಧದಲ್ಲಿ ಒಪ್ಪಿಸಿದರೆ ಸೊನ್ನೆ! ಈ ಭೇದವನ್ನು ನಾವು ಎಂದಾದರೂ ವಿವರಿಸಿದ್ದೆವೆ?

ಸೋಜಿಗವೇನೆಂದರೆ, ಕನ್ನಡದಲ್ಲಿ ಈ ವಿವೇಕವು ನಮಗೆ ತಾಯಿಯ ಮಾತಿನೊಡನೆಯೇ ಬಂದಿದೆ. ‘ಮಳೆ ಬಂತು’ ಎಂದರೆ ಆಡುವವನ ಸ್ವಂತ ಹೊಣೆ. ‘ಮಳೆ ಬಂತಂತೆ’ ಎಂದರೆ ಕೇಳಿದ ಸುದ್ದಿ. ಸಣ್ಣ ಮಕ್ಕಳೂ ಇದನ್ನು ಬಲ್ಲರು. ಇಂಗ್ಲಿಷಿನ ಕ್ರಿಯಾಪದಕ್ಕೆ ಇಂಥ ಬಾಲವಿಲ್ಲ. ಅಲ್ಲಿ ಇಂಥವರು ಹೇಳುತ್ತಾರೆಂದು ಬೇರೆಯಾಗಿಯೇ ಹೇಳಬೇಕು. ಮಾತುಗಳೂ ಅವರವೇ ಆದರೆ ಉದ್ಧರಣ ಚಿಹ್ನೆಗಳನ್ನೂ ಇಡಬೇಕು. ನಮ್ಮ ಹುಡುಗನು ‘ಅಂತೆ’ಯನ್ನು ಮನೆಯಲ್ಲಿಯೇ ಬಿಟ್ಟು ಕಾಲೇಜಿಗೆ ಬಂದಿದ್ದನು.

ಸ್ವಂತ ಮಾತು ಹುಟ್ಟುವ ಬಗೆಗೆ ನಾನು ಕಂಡ ಅತ್ಯುತ್ತಮ ಪಾಠವು ಉಪಾಧ್ಯಾಯರಿಂದ ಬಂದುದಲ್ಲ. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಬೆಂಜಮಿನ್ ಫ್ರಾಂಕ್ಲಿನನು ಹತ್ತು ವರ್ಷಕ್ಕೇ ಶಾಲೆಯನ್ನು ಬಿಟ್ಟು, ಅಣ್ಣನ ಮುದ್ರಣಾಲಯದಲ್ಲಿ ದುಡಿಯುತ್ತಿದ್ದನು. ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಬಿಡಿ ಸಂಪುಟವು ಅವನಿಗೆ ದೊರೆಯಿತು. ಅದರ ಲೇಖನಗಳ ಒಂದೊಂದು ವಾಕ್ಯದ ಭಾವವನ್ನು ಚುಟುಕಾಗಿ ಗುರುತುಹಾಕಿಕೊಂಡು, ಕೆಲವು ದಿನ ಪಕ್ಕಕ್ಕಿಟ್ಟು, ಅನಂತರ ಪುಸ್ತಕವನ್ನು ನೋಡದೆ ಲೇಖನವನ್ನು ತಾನೇ ಬರೆದು, ಮೂಲದೊಡನೆ ಹೋಲಿಸಿ ತನ್ನ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದನು. ಆ ಗುರುತುಗಳನ್ನು ಕಲಸಿಬಿಟ್ಟು, ವಾರಗಳ ಮೇಲೆ ಮತ್ತೆ ಕ್ರಮಕ್ಕೆ ತಂದು, ವಿಚಾರದ ಜೋಡಣೆಯನ್ನೂ ಕಲಿತನು. ವೇಳೆ ದೊರೆಯುತ್ತಿದ್ದುದು ಕೆಲಸಕ್ಕೆ ಮುಂಚೆ, ಇಲ್ಲವೆ ರಾತ್ರಿ, ಇಲ್ಲವೆ ಭಾನುವಾರ.

ಅವನಿಗೆ ಇಂಗ್ಲಿಷು ಮಾತೃಭಾಷೆ, ನಮಗಲ್ಲವಲ್ಲ ಎಂದು ತಾವು ಆಕ್ಷೇಪಿಸಬಹುದು. ಆಕ್ಷೇಪಣೆ ಸರಿಯಾದುದೇ. ನಾವು ಒಂದು ವಿಷಯದ ‘ಬಗ್ಗೆ’ ಚರ್ಚಿಸುತ್ತೇವೆ. ಆದುದರಿಂದಲೇ ನಮ್ಮವರು ‘ಡಿಸ್ಕಸ್’ ಎಂಬುದರ ಬೆನ್ನಿಗೆ ‘ಅಬೌಟ್’ ಸೇರಿಸಿ ಬರೆಯುತ್ತಾರೆ. ಇಂಥ ಕಡೆ ಅರ್ಥ ಮಾತ್ರ ಹೇಳುವ ನಿಘಂಟು ಸಾಲದು. ಹಾರ್ನ್‌ಬಿ ಮತ್ತು ಸಂಗಡಿಗರು 1942ರಲ್ಲಿ ಟೋಕಿಯೋದಲ್ಲಿ ಪ್ರಕಟಿಸಿ, 1948ರಲ್ಲಿ ಆಕ್ಸ್‌ಫರ್ಡಿನವರು ಮತ್ತೆ ಹೊರತಂದ ನಿಘಂಟು, ಕ್ರಿಯಾಪದದ ಮುಂದೆ ಎಂಥ ರಚನೆ ಬರಬೇಕೆಂಬುದನ್ನೂ ತೋರಿಸಿತು. ಜಪಾನೀ ವಿದ್ಯಾರ್ಥಿಗಳ ಕಷ್ಟವನ್ನು ಕಂಡು ಹುಟ್ಟಿದ ಆ ಪುಸ್ತಕವು ನಮಗೂ ಒದಗಿತು. ಬರೆದಾದ ಮೇಲೆ ಅಂಥದೊಂದನ್ನು ತೆರೆದು ನೋಡಬೇಕು, ಬರೆಯುವಾಗ ಬೇಡ.

ಮುಂದಿನ ವಾರ ಆ ಹುಡುಗನನ್ನು ಕರೆದು, ಪುಸ್ತಕವನ್ನು ಮುಚ್ಚಿಸಿ, ಎರಡನೆಯ ಪುಟದಲ್ಲಿದ್ದುದನ್ನು ಕನ್ನಡದಲ್ಲಿಯೇ ಹೇಳೆಂದೆನು. ಮೂರು ಮಾತುಗಳನ್ನು ಸರಾಗವಾಗಿ ಹೇಳಿದನು, ನಾಲ್ಕನೆಯದಕ್ಕೆ ನಿಂತನು. ಅದು ತನಗೆ ಅರ್ಥವಾಗಿಯೇ ಇರಲಿಲ್ಲವೆಂಬುದು ಅವನಿಗೆ ಗೊತ್ತಾದುದು ಆಗಲೇ. ನಾವಿಬ್ಬರೂ ಪುಸ್ತಕವನ್ನು ಮತ್ತೆ ತೆರೆದು ಓದಿದೆವು. ನನಗೂ ಅದು ಮೊದಲ ಓದಿಗೆ ತಿಳಿಯಲಿಲ್ಲ.