ಒಕ್ಕಲಿಗರ ಪಿಕಪ್ ಗಾಡಿಗೆ ಹೆಚ್ಚಿನ ಸ್ವಿಚ್ಚುಗಳನ್ನು ಜೋಡಿಸುವ ಕ್ರಮ

(ಬಸವನ ಬಾಗೇವಾಡಿಯ ಒಕ್ಕಲುತನದ ಇನ್ಸ್ಪೆಕ್ಟರರಿಂದ)

ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಈ ನಾಲ್ಕೂ ಭಾಗಗಳಲ್ಲಿ ಹೊಲದ ಮಾಲನ್ನು ಪೇಟೆಗೆ ಮುಟ್ಟಿಸುವ ಕೆಲಸವು ಚಕ್ಕಡಿಯಿಂದ ಮೋಟಾರು ಗಾಡಿಗೆ ಬಂದು ಬಹಳ ವರ್ಷಗಳಾದವು. ಬಾಗೇವಾಡಿಯ ಉಳ್ಳಾಗಡ್ಡಿ, ಇಂಡಿಯ ನಿಂಬೆ, ಎಲ್ಲೆಡೆಯ ತೊಗರಿ ಇವೆಲ್ಲ ಇಂದು ಪಿಕಪ್ ಗಾಡಿಯಲ್ಲಿಯೇ ವಿಜಯಪುರಕ್ಕೂ ಸೊಲ್ಲಾಪುರಕ್ಕೂ ಹೋಗುತ್ತವೆ. ಬೆಳಗಿನ ಸವಾಲಿಗೆ ಮಾಲು ಮುಟ್ಟಬೇಕಾದರೆ ಚೀಲಗಳನ್ನು ರಾತ್ರಿಯೇ ಹೇರಬೇಕಾಗುವದು. ಆದರೆ ಕಾರಖಾನೆಯಿಂದ ಬಂದ ಗಾಡಿಗೆ ಹೊಲದಲ್ಲಿ ಹೇರಿಕೆ ಮಾಡಲು ತಕ್ಕ ಬೆಳಕು ಇರುವದಿಲ್ಲ. ಆದಕಾರಣ ಅನೇಕ ಜಮೀನುದಾರರು ಗಾಡಿಯ ಹಿಂಬದಿಗೆ ಕೆಲಸದ ದೀಪ, ಹುಡ್ಡಿನ ಒಳಗೊಂದು ದೀಪ, ಔಷಧ ಸಿಂಪಡಿಸುವ ಸಣ್ಣ ಪಂಪು ಇವುಗಳನ್ನು ಹಾಕಿಸಿ, ಅವುಗಳ ಸ್ವಿಚ್ಚುಗಳನ್ನು ಚಾಲಕನ ಮಗ್ಗುಲಲ್ಲಿ, ಗೇರಿನ ಹತ್ತಿರದ ನಡುಪೆಟ್ಟಿಗೆಯಲ್ಲಿ ಕೂಡ್ರಿಸಿಕೊಳ್ಳುತ್ತಿದ್ದಾರೆ.

ಈ ಅನುಕೂಲತೆಯು ಬೇಕಾದದ್ದೇ. ಆದರೆ ಹೆಚ್ಚಿನ ಕಡೆಗಳಲ್ಲಿ ಇದ್ದ ತಂತಿಯ ಮೇಲಿನ ಸಿಪ್ಪೆ ಸುಲಿದು, ಅದಕ್ಕೆ ಇನ್ನೊಂದು ತಂತಿಯನ್ನು ಹೊಸೆದು, ಪಟ್ಟಿ ಸುತ್ತಿ ಬಿಡುವ ರೂಢಿಯು ಕಂಡುಬರುತ್ತದೆ. ಒಣಗಿದ ಕಣಕಿಯನ್ನೋ ಚೀಲಗಳನ್ನೋ ತುಂಬಿಕೊಂಡು ಹೋಗುವ ಗಾಡಿಯಲ್ಲಿ ಕಾದ ತಂತಿಯೊಂದು ಕಿಡಿ ಕಾರಿದರೆ ಮಾಲೂ ಹೋದೀತು, ಗಾಡಿಯೂ ಹೋದೀತು, ಚಾಲಕನ ಪ್ರಾಣಕ್ಕೂ ಅಪಾಯವಾದೀತು. ಅದಕ್ಕಾಗಿ ಸರಿಯಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಮೊದಲು ಪ್ರವಾಹದ ಲೆಕ್ಕ

ಬಿತ್ತುವ ಮೊದಲು ಬೀಜದ ಅಳತೆ ಹೇಗೋ, ಜೋಡಣೆಯ ಮೊದಲು ಪ್ರವಾಹದ ಲೆಕ್ಕ ಹಾಗೆ. ಸಣ್ಣ ಪಿಕಪ್ ಗಾಡಿಗಳ ಬ್ಯಾಟರಿಯು ಸಾಮಾನ್ಯವಾಗಿ 12 ವೋಲ್ಟಿನದು. ದೊಡ್ಡ ಲಾರಿಗಳದು 24 ವೋಲ್ಟು. ದೀಪದ ಮೇಲೆ ಬರೆದ ವ್ಯಾಟುಗಳನ್ನು ವೋಲ್ಟಿನಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರುಗಳು ಸಿಕ್ಕುವವು. 55 ವ್ಯಾಟಿನ ಎರಡು ಹ್ಯಾಲೊಜನ್ ದೀಪಗಳೆಂದರೆ 110 ವ್ಯಾಟು. 12ರಿಂದ ಭಾಗಿಸಲು ಸುಮಾರು 9 ಆಂಪಿಯರು. ಅದೇ 18 ವ್ಯಾಟಿನ ಎರಡು ಎಲ್.ಇ.ಡಿ. ದೀಪಗಳಾದರೆ ಬರೇ 3 ಆಂಪಿಯರು.

ಈ ಭೇದವು ಸಣ್ಣದಲ್ಲ. 65 ಆಂಪಿಯರು-ತಾಸಿನ ಒಂದು ಬ್ಯಾಟರಿಯಿದೆಯೆಂದು ತಿಳಿಯಿರಿ. ಎಂಜಿನ್ನು ನಿಲ್ಲಿಸಿ 9 ಆಂಪಿಯರಿನ ದೀಪಗಳನ್ನು ಉರಿಸಿದರೆ ಮೂರೂವರೆ ತಾಸಿನಲ್ಲಿ ಅದರ ಅರ್ಧ ಶಕ್ತಿ ತೀರುವದು. ಆಮೇಲೆ ಎಂಜಿನ್ನು ಚಾಲೂ ಆದೀತೆಂಬ ಭರವಸೆ ಇರುವದಿಲ್ಲ. ಹೇರಿದ ಗಾಡಿಯು ಎರಿ ಹೊಲದಲ್ಲಿ ನಿಂತು, ಸವಾಲಿನ ಹೊತ್ತು ಮೀರಿದರೆ ಆಗುವ ಹಾನಿಯನ್ನು ಜಮೀನುದಾರರಿಗೆ ತಿಳಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಕೆಲಸಕ್ಕೆ ಎಲ್.ಇ.ಡಿ. ದೀಪಗಳೇ ಲೇಸು.

2. ರಿಲೇಯ ಉಪಯೋಗ

ಹೆಚ್ಚಿನ ಪ್ರವಾಹವನ್ನು ಚಾಲಕನ ಕೈಯ ಸ್ವಿಚ್ಚಿನ ಮೂಲಕ ಹಾಯಿಸುವದು ಸಲ್ಲದು. ಅದಕ್ಕೆ ರಿಲೇ ಎಂಬ ಸಣ್ಣ ಪೆಟ್ಟಿಗೆಯುಂಟು. ಕೊಳವೆ ಬಾವಿಯ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯನ್ನು ನೀವೆಲ್ಲ ಬಲ್ಲಿರಿ. ಹಸಿರು ಗುಂಡಿಯನ್ನು ಒತ್ತಿದಾಗ ಪಂಪಿನ ಪ್ರವಾಹವೆಲ್ಲ ಆ ಗುಂಡಿಯಲ್ಲಿ ಹಾಯುವದಿಲ್ಲ. ಒಳಗಿನ ತಂತಿಸುರುಳಿಗೆ ಅಲ್ಪ ಪ್ರವಾಹ ಹೋಗಿ, ಅದು ಅಯಸ್ಕಾಂತವಾಗಿ, ದೊಡ್ಡ ಸಂಪರ್ಕವನ್ನು ಜಗ್ಗಿ ಕೂಡಿಸುವದು. ರಿಲೇಯ ಕೆಲಸವೂ ಅದೇ ಮೇರೆಗೆ. ಅದರ ಸುರುಳಿಗೆ ಆಂಪಿಯರಿನ ಐದನೆಯ ಒಂದು ಪಾಲಿನಷ್ಟು ಪ್ರವಾಹ ಸಾಕು. ಅದರ ಸಂಪರ್ಕಗಳಾದರೋ 30 ಇಲ್ಲವೆ 40 ಆಂಪಿಯರುಗಳನ್ನು ತಾಳುವಂತೆ ಮಾಡಲ್ಪಟ್ಟಿರುತ್ತವೆ.

ರಿಲೇಯ ಕಾಲುಗಳ ಮೇಲೆ ಅಂಕಿಗಳಿರುತ್ತವೆ. 30ನೆಯದಕ್ಕೆ ಬ್ಯಾಟರಿಯಿಂದ ಫ್ಯೂಜಿನ ಮೂಲಕ ಬಂದ ತಂತಿ. 87ನೆಯದರಿಂದ ದೀಪಕ್ಕೆ ಹೋಗುವ ತಂತಿ. 86ನೆಯದಕ್ಕೆ ಸ್ವಿಚ್ಚಿನಿಂದ ಬಂದ ತಂತಿ. 85ನೆಯದು ಗಾಡಿಯ ಕಬ್ಬಿಣದ ಒಡಲಿಗೆ, ಅಂದರೆ ಅರ್ಥಿಗೆ. ಸ್ವಿಚ್ಚಿಗೆ ಬರುವ ಪ್ರವಾಹವನ್ನು ಕೀಲಿ ತಿರುವಿದಾಗ ಮಾತ್ರ ದೊರೆಯುವ ಜಾಗದಿಂದ ತೆಗೆದುಕೊಳ್ಳಬೇಕು. ಹಾಗೆ ಮಾಡಿದರೆ ಚಾಲಕನು ಮರೆತು ಇಳಿದುಹೋದರೂ ಕೀಲಿಯ ಸಂಗಡವೇ ದೀಪವೂ ಆರುವದು. ಒಂದೊಂದು ಸಾಧನಕ್ಕೆ ಒಂದೊಂದು ರಿಲೇ, ಒಂದೊಂದು ಫ್ಯೂಜು ಇರತಕ್ಕದ್ದು.

3. ಫ್ಯೂಜು ಮತ್ತು ತಂತಿ

ಫ್ಯೂಜು ಇರುವದು ತಂತಿಯನ್ನು ಕಾಯಲಿಕ್ಕೆ, ದೀಪವನ್ನು ಕಾಯಲಿಕ್ಕಲ್ಲ. ಆದ್ದರಿಂದ ಅದನ್ನು ದೀಪದ ಬಳಿಯಲ್ಲಿ ಹಾಕದೆ, ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಹಾಕಬೇಕು. ಬ್ಯಾಟರಿಗೂ ಫ್ಯೂಜಿಗೂ ನಡುವೆ ತಂತಿಯು ಉಜ್ಜಿ ಒಡಲಿಗೆ ತಾಗಿದರೆ ಅದನ್ನು ತಡೆಯುವವರು ಯಾರೂ ಇರುವದಿಲ್ಲ. ಲೆಕ್ಕದ ಪ್ರವಾಹಕ್ಕೆ ಕಾಲು ಪಾಲು ಕೂಡಿಸಿ ಫ್ಯೂಜನ್ನು ಆರಿಸಬೇಕು. 9ಕ್ಕೆ ಕಾಲು ಪಾಲು ಕೂಡಿದರೆ ಹನ್ನೊಂದೂ ಕಾಲು. ಆಗ 15 ಆಂಪಿಯರಿನ ನೀಲಿ ಫ್ಯೂಜು ಸರಿ. 10ರದು ಕೆಂಪು, 20ರದು ಹಳದಿ, 30ರದು ಹಸಿರು. ಫ್ಯೂಜು ಮೇಲಿಂದ ಮೇಲೆ ಸುಡುತ್ತಿದ್ದರೆ ಹೆಚ್ಚಿನ ಅಂಕಿಯದನ್ನು ಹಾಕುವದಾಗಲಿ, ತಾಮ್ರದ ಎಳೆ ಸುತ್ತುವದಾಗಲಿ ಕೂಡದು. ದೋಷವೆಲ್ಲಿದೆಯೆಂದು ಹುಡುಕತಕ್ಕದ್ದು.

ತಂತಿಯಲ್ಲಿ ಉಳಿತಾಯ ಮಾಡುವದು ಹುಸಿ ಉಳಿತಾಯ. ಬ್ಯಾಟರಿಯಿಂದ ಹಿಂದಿನ ದೀಪದ ವರೆಗೆ 4 ಮೀಟರು, ಮರಳಿ 4 ಮೀಟರು ಎಂದು ಹಿಡಿಯಿರಿ. 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 10 ಆಂಪಿಯರು ಹಾಯ್ದರೆ ದಾರಿಯಲ್ಲಿಯೇ ಸುಮಾರು ಒಂದೂವರೆ ವೋಲ್ಟು ಸೋರಿಹೋಗುವದು, ಹ್ಯಾಲೊಜನ್ ದೀಪದ ಬೆಳಕು ಮೂರನೆಯ ಒಂದು ಪಾಲಿನಷ್ಟು ಕುಂದುವದು, ತಂತಿಯೂ ಬಿಸಿಯಾಗುವದು. 2.5 ಚದರ ಮಿಲಿಮೀಟರಿನ ತಂತಿಯಾದರೆ ಸೋರಿಕೆಯು ಅರ್ಧ ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುವದು. ಸ್ವಿಚ್ಚಿನಿಂದ ರಿಲೇಗೆ ಹೋಗುವ ತಂತಿಗೆ ಮಾತ್ರ 1 ಚದರ ಮಿಲಿಮೀಟರು ಸಾಕು. ತಂತಿಯು ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರಿನ ಬಳೆಯನ್ನು ಕೂಡ್ರಿಸಬೇಕು. ಅರ್ಥ್ ಕೂಡುವಲ್ಲಿ ಬಣ್ಣವನ್ನು ಕೆರೆದು ಬಿಗಿಯಬೇಕು.

4. ಸ್ವಿಚ್ಚುಗಳ ಸ್ಥಾನ

ನಡುಪೆಟ್ಟಿಗೆಯಲ್ಲಿ ತೂತು ಕೊರೆಯುವ ಮುಂಚೆ ಅದನ್ನು ಬಿಚ್ಚಿ, ಒಳಗೆ ಬೇರೆ ತಂತಿಗಳಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಗೇರಿನ ಕೋಲಿಗಾಗಲಿ ಕೈಬ್ರೇಕಿಗಾಗಲಿ ಸ್ವಿಚ್ಚು ಅಡ್ಡ ಬರಬಾರದು. ನಮ್ಮ ಎರಿ ಮಣ್ಣಿನ ಧೂಳು, ಉಳ್ಳಾಗಡ್ಡಿಯ ಸಿಪ್ಪೆ ಒಳಹೊಗದಂತೆ ರಬ್ಬರಿನ ಮುಚ್ಚಿಕೆಯುಳ್ಳ ಸ್ವಿಚ್ಚುಗಳು ಉತ್ತಮ. ಚಾಲೂ ಇದ್ದಾಗ ಸ್ವಿಚ್ಚಿನಲ್ಲಿಯೇ ಸಣ್ಣ ದೀಪ ಹೊತ್ತುವಂತಿದ್ದರೆ ಮರೆವಿಗೆ ಎಡೆಯಿಲ್ಲ. ಪ್ರತಿಯೊಂದರ ಮೇಲೂ ಅದರ ಹೆಸರನ್ನು ಕನ್ನಡದಲ್ಲಿ ಬರೆಯಿಸಿರಿ. ಗಾಡಿಯನ್ನು ಇಂದು ಒಬ್ಬನು ನಡೆಸಿದರೆ ನಾಳೆ ಇನ್ನೊಬ್ಬನು ನಡೆಸುವನು.

5. ಕಾಯಿದೆಯ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಾರಖಾನೆಯವರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವದನ್ನು ನಿರ್ಬಂಧಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 108ನೆಯದು ಮುಂದೆ ಕೆಂಪು ಬೆಳಕನ್ನೂ ಹಿಂದೆ ಕೆಂಪಲ್ಲದ ಬೆಳಕನ್ನೂ, ಕೆಲವು ಅಪವಾದಗಳ ಹೊರತು, ತೋರಿಸಗೊಡುವದಿಲ್ಲ. ಇದು ಬರೇ ದಂಡದ ಮಾತಲ್ಲ. ಹಿಂಬದಿಯ ಬಿಳಿ ದೀಪವು ಹೆದ್ದಾರಿಯಲ್ಲಿ ಉರಿಯುತ್ತಿದ್ದರೆ ಹಿಂದಿನಿಂದ ಬರುವವನ ಕಣ್ಣು ಕೋರೈಸಿ, ನಿಮ್ಮ ಗಾಡಿಯು ಹೋಗುತ್ತಿದೆಯೋ ಬರುತ್ತಿದೆಯೋ ಅವನಿಗೆ ತಿಳಿಯದು. ಆದಕಾರಣ ಕೆಲಸದ ದೀಪವು ಹೊಲದಲ್ಲಿ, ಗಾಡಿ ನಿಂತಾಗ ಮಾತ್ರ. ರಸ್ತೆಗೆ ಏರುವ ಮುನ್ನ ಅದನ್ನು ಆರಿಸುವದು ಚಾಲಕನ ಕರ್ತವ್ಯ. ಜೋಡಣೆಗೆ ಮುಂಚೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವದು ಕ್ಷೇಮಕರ.

6. ಕೆಲಸ ಮಾಡಿಸುವಾಗ

2020ರ ಎಪ್ರಿಲ್ 1ರಿಂದ ಬಿ.ಎಸ್. 6 ನಿಯಮದಂತೆ ಬಂದ ಗಾಡಿಗಳಲ್ಲಿ ಎಂಜಿನ್ನನ್ನು ಗಣಕಯಂತ್ರವು ನಡೆಸುತ್ತದೆ. ಅಂಥ ಗಾಡಿಯ ಮೂಲ ತಂತಿಗಳನ್ನು ಕೊಯ್ದು ಕೂಡಿಸಿದರೆ ಯಂತ್ರವು ಕೆಡುವ ಭೀತಿಯುಂಟು. ಕಂಪನಿಯ ಗ್ಯಾರಂಟಿಗೂ ಬಾಧೆ ಬರಬಹುದು. ಆದ್ದರಿಂದ ಹೊಸ ಸಾಧನಗಳಿಗೆ ಬ್ಯಾಟರಿಯಿಂದ ಬೇರೆಯೇ ತಂತಿಯನ್ನು ಎಳೆಯಬೇಕು. ಕೀಲಿಯ ಪ್ರವಾಹವನ್ನು ಫ್ಯೂಜುಪೆಟ್ಟಿಗೆಯ ಖಾಲಿ ಸ್ಥಾನದಿಂದ ತೆಗೆದುಕೊಳ್ಳಬೇಕು. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚತಕ್ಕದ್ದು. ಎಲ್ಲ ಮುಗಿದ ಮೇಲೆ ಅದನ್ನು ಕಡೆಗೆ ಕೂಡಿಸತಕ್ಕದ್ದು. ತರುವಾಯ ದೀಪಗಳನ್ನು ಕಾಲು ತಾಸು ಉರಿಸಿ, ತಂತಿ, ಫ್ಯೂಜು, ರಿಲೇಗಳನ್ನು ಮುಟ್ಟಿ ನೋಡಿರಿ. ತಂತಿಯಾಗಲಿ ಕೂಡಿಕೆಯಾಗಲಿ ಕೈಗೆ ಸುಟ್ಟಂತಾದರೆ ಅಲ್ಲಿ ತಪ್ಪಿದೆಯೆಂದೇ ತಿಳಿಯಬೇಕು.

ಒಂದು ರಿಲೇ, ಒಂದು ಫ್ಯೂಜು, ಕೆಲವು ಮೀಟರು ಒಳ್ಳೆಯ ತಂತಿ ಇವುಗಳ ಖರ್ಚು ಗಾಡಿಯ ಒಂದು ಟೈರಿನ ಬೆಲೆಯ ಮುಂದೆ ಏನೂ ಅಲ್ಲ. ಊರ ಹಿರಿಯರು ತಮ್ಮ ಗಾಡಿಗಳನ್ನು ಮೊದಲು ಈ ಕ್ರಮದಂತೆ ಸರಿಪಡಿಸಿ, ಉಳಿದ ಒಕ್ಕಲಿಗರಿಗೆ ಮೇಲ್ಪಂಕ್ತಿ ಹಾಕಿಕೊಡಬೇಕೆಂದು ವಿನಂತಿ. ಸುಗ್ಗಿಯ ಗಡಿಬಿಡಿಯಲ್ಲಿ ಈ ಕೆಲಸವು ಆಗಲಾರದು. ಬಿಡುವಿನ ದಿನಗಳಲ್ಲಿಯೇ ಇದನ್ನು ಮುಗಿಸಿಕೊಳ್ಳುವದು ಜಾಣತನ.