ಗೆರೆ ಮುಗಿದಲ್ಲಿ ಚುಕ್ಕಿ

ಆಮ್ಲಜನಕದ ಸಂಶೋಧನೆಗೆ ಹೆಸರಾದ ಜೋಸೆಫ್ ಪ್ರೀಸ್ಟ್ಲಿ ಅದಕ್ಕೂ ಮೊದಲು ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಮೇಷ್ಟ್ರಾಗಿದ್ದ. ಯಾರ ಕಾಲದಲ್ಲಿ ಯಾರಿದ್ದರು ಎಂಬುದು ವಿದ್ಯಾರ್ಥಿಗಳಿಗೆ ಒಂದೇ ನೋಟಕ್ಕೆ ಸಿಗಲಿ ಎಂದು 1765ರಲ್ಲಿ ಒಂದು ನಕ್ಷೆ ಅಚ್ಚು ಹಾಕಿಸಿದ. ಎಡದಿಂದ ಬಲಕ್ಕೆ ಕ್ರಿ.ಪೂ. 1200ರಿಂದ ಕ್ರಿ.ಶ. 1800ರವರೆಗಿನ ಕಾಲ, ಅದರಲ್ಲಿ ಸುಮಾರು 2000 ಜನರ ಆಯುಷ್ಯ, ತಲೆಗೊಂದು ಅಡ್ಡಗೆರೆ. ಹುಟ್ಟಿದಲ್ಲಿ ಗೆರೆ ಶುರು, ಸತ್ತಲ್ಲಿ ಕೊನೆ.

ನನಗೆ ಗೆರೆಗಳಿಗಿಂತ ಅವನ ಚುಕ್ಕಿಗಳೇ ಹೆಚ್ಚು ಇಷ್ಟ. ಕಾಲ ಖಚಿತವಿದ್ದಲ್ಲಿ ಗಟ್ಟಿ ಗೆರೆ, ಅನುಮಾನವಿದ್ದಲ್ಲಿ ಬರೀ ಚುಕ್ಕಿ.

ಇಂದು ಕಡತ, ಪತ್ರಿಕೆ, ಶಾಸನಪಾಠಗಳಿಂದ ಘಟನೆಗಳನ್ನು ಹೆಕ್ಕಿ ಕಾಲರೇಖೆಯಲ್ಲಿ ಜೋಡಿಸುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಆದರೆ ಅದರ ಕೋಷ್ಟಕಕ್ಕೆ ಪೂರ್ತಿ ತಾರೀಖೇ ಬೇಕು. ಇಸವಿಯಷ್ಟೇ ಗೊತ್ತಿರುವ ಘಟನೆಗೆ ಎಷ್ಟೋ ತಂತ್ರಾಂಶಗಳು ತಾವಾಗಿಯೇ ಜನವರಿ 1 ಎಂದು ತುಂಬಿಬಿಡುತ್ತವೆ. ಆಮೇಲೆ ತಿಂಗಳುವಾರು ಚಿತ್ರ ಬರೆದರೆ ಜಗತ್ತಿನ ಯುದ್ಧ, ಬರ, ಪಟ್ಟಾಭಿಷೇಕಗಳೆಲ್ಲ ಜನವರಿಯಲ್ಲೇ ನಡೆದಂತೆ ಕಾಣುತ್ತದೆ!

ಇದಕ್ಕೆ ಮದ್ದು ಸರಳ. ಪ್ರತಿ ಘಟನೆಗೂ ಒಂದರ ಬದಲು ಎರಡು ಮನೆ ಕೊಡುವುದು: ಇದಕ್ಕಿಂತ ಮುಂಚೆ ಆಗಿರಲಾರದು, ಇದಕ್ಕಿಂತ ಈಚೆಗೆ ಆಗಿರಲಾರದು. ನಮ್ಮ ಶಾಸನಗಳನ್ನೇ ನೋಡಿ. ಒಂದನೇ ಪುಲಕೇಶಿಯ ಬಾದಾಮಿ ಬಂಡೆಶಾಸನದಲ್ಲಿ ಶಕ 465 ಎಂದೇ ಇದೆ. 78 ಕೂಡಿಸಿದರೆ ಕ್ರಿ.ಶ. 543. ಕಾಲರೇಖೆಯಲ್ಲಿ ಅದೊಂದು ಸಣ್ಣ ಗೀಟು. ಹಲ್ಮಿಡಿ ಶಾಸನದಲ್ಲಿ ತೇದಿಯೇ ಇಲ್ಲ. ಸುಮಾರು 450 ಎನ್ನುವುದು ವಿದ್ವಾಂಸರ ಅಂದಾಜು. ಅದನ್ನು ಗೀಟಾಗಿ ಎಳೆದರೆ ಸುಳ್ಳು, ಮಸುಕು ಪಟ್ಟಿಯಾಗಿ ಬಳಿಯಬೇಕು. ಬರೀ ಸಂವತ್ಸರದ ಹೆಸರಿರುವ ಶಾಸನವಾದರೆ 60 ವರ್ಷಕ್ಕೊಂದರಂತೆ ಹಲವು ಕಡೆ ಗುರುತು ಹಾಕಿ ಕಾಯಬೇಕು.

ಕಾದರೆ ಪಟ್ಟಿ ಕಿರಿದಾಗುವುದೂ ಉಂಟು. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಐಹೊಳೆ ಶಾಸನ ಹೇಳುತ್ತದೆ. ಯಾವಾಗ ಎಂದು ಹೇಳುವುದಿಲ್ಲ. ಶಾಸನದ ಕಾಲ ಶಕ 556, ಅಂದರೆ 634-35. ಹಾಗಾಗಿ ಯುದ್ಧ ಅದಕ್ಕೂ ಮೊದಲಿನದು. ಪುಲಕೇಶಿ ಪಟ್ಟಕ್ಕೆ ಬಂದದ್ದು 610ರ ಆಸುಪಾಸು, ಎಡತುದಿ ಅಲ್ಲಿ. ಮುಂದೆ 619ರ ಒಂದು ತಾಮ್ರಪಟದಲ್ಲೂ ಆ ಗೆಲುವಿನ ಪ್ರಸ್ತಾಪ ಕಂಡಾಗ ಪಟ್ಟಿಯ ಬಲತುದಿ ಒಮ್ಮೆಲೇ ಸುಮಾರು 15 ವರ್ಷ ಎಡಕ್ಕೆ ಸರಿಯಿತು. ಕೋಷ್ಟಕದಲ್ಲಿ ಮೊದಲೇ ಯಾರಾದರೂ ಒಂದೇ ಇಸವಿ ಬರೆದು ಕೂತಿದ್ದರೆ ಸರಿಯಲು ಜಾಗವೇ ಇರುತ್ತಿರಲಿಲ್ಲ.