ಸೈನ್ಯ ಚಳಿ ಕಳೆದ ಊರು ಮಾರಿಸ್‌ಟೌನ್

ನ್ಯೂಜೆರ್ಸಿಯ ಕನ್ನಡ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬಂದರೆ ತೋರಿಸುವ ಜಾಗಗಳು ಹೆಚ್ಚುಕಡಿಮೆ ಗೊತ್ತಾಗಿಬಿಟ್ಟಿವೆ: ಸ್ವಾತಂತ್ರ್ಯ ದೇವತೆಯ ಪ್ರತಿಮೆ, ಟೈಮ್ಸ್ ಸ್ಕ್ವೇರ್, ನಯಾಗರ, ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನ, ಎಡಿಸನ್‌ನಲ್ಲಿರುವ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ. ಈ ಸಾಲಿಗೆ ಮಾರಿಸ್‌ಟೌನ್ ಸೇರಲೇಬೇಕು. ನ್ಯೂಯಾರ್ಕ್‌ನ ಪೆನ್ ಸ್ಟೇಷನ್‌ನಲ್ಲಿ ರೈಲು ಹತ್ತಿದರೆ ಗಂಟೆಯ ಮೇಲೆ ಸ್ವಲ್ಪ ಹೊತ್ತು, ಅಷ್ಟೇ. ಇಳಿದ ಮೇಲೆ ಕಣ್ಣಿಗೆ ಬೀಳುವುದು ಹೋಟೆಲು, ಬ್ಯಾಂಕು, ಚರ್ಚುಗಳ ಒಂದು ಸಾಧಾರಣ ಊರು. ಆದರೆ ಅಮೆರಿಕ ಎಂಬ ದೇಶ ಹುಟ್ಟುವ ಮೊದಲೇ ಮುಗಿದುಹೋಗಬಹುದಾಗಿದ್ದ ಜಾಗ ಇದು. ಮೈಸೂರಿನ ಚರಿತ್ರೆ ಓದಿದವರಿಗಂತೂ ಇಲ್ಲಿ ಪರಿಚಯದ ಹೆಸರುಗಳೇ ಸಿಗುತ್ತವೆ.

ಮೊದಲು ಭೂಗೋಳ. ಸ್ವಾತಂತ್ರ್ಯ ಯುದ್ಧದ ಬಹುಕಾಲ ನ್ಯೂಯಾರ್ಕ್ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಮೂವತ್ತು ಮೈಲಿ ದೂರದಲ್ಲಿ, ವಾಚುಂಗ್ ಗುಡ್ಡಗಳ ಬೆನ್ನಿಗೆ ಮಾರಿಸ್‌ಟೌನ್ ಇದೆ. ಶತ್ರುವಿನ ಮೇಲೆ ಕಣ್ಣಿಡುವಷ್ಟು ಹತ್ತಿರ, ಅವನು ಥಟ್ಟನೆ ಮೇಲೆ ಬೀಳಲಾರದಷ್ಟು ದೂರ. ಸುತ್ತ ಹೊಲಗಳು, ಕಬ್ಬಿಣದ ಕುಲುಮೆಗಳು, ಜೊತೆಗೆ ಒಂದು ಮದ್ದಿನ ಗಿರಣಿ. ಜಾರ್ಜ್ ವಾಷಿಂಗ್ಟನ್ 1777ರ ಜನವರಿಯಲ್ಲಿ ಇಲ್ಲಿಗೆ ಸೈನ್ಯ ತಂದದ್ದು ಇದಕ್ಕಾಗಿಯೇ. ಟ್ರೆಂಟನ್‌ನಲ್ಲಿ ಎದುರಿಗೆ ಬೀಡುಬಿಟ್ಟಿದ್ದ ಬ್ರಿಟಿಷ್ ಸೇನಾನಿಗೆ, ರಾತ್ರಿಯಿಡೀ ಶಿಬಿರದ ಬೆಂಕಿಗಳನ್ನು ಉರಿಯಬಿಟ್ಟು, ತಾವು ಅಲ್ಲೇ ಇದ್ದೇವೆ ಎಂಬ ಭ್ರಮೆ ಹುಟ್ಟಿಸಿ, ಕತ್ತಲಲ್ಲಿ ಪ್ರಿನ್ಸ್‌ಟನ್‌ಗೆ ನಡೆದು ಅಲ್ಲಿ ಗೆದ್ದು ಈ ಗುಡ್ಡಗಳ ಮರೆಗೆ ಬಂದ. ಹಾಗೆ ಏಮಾರಿದ ಸೇನಾನಿ ಕಾರ್ನ್‌ವಾಲಿಸ್. 1791ರಲ್ಲಿ ಬೆಂಗಳೂರಿನ ಕೋಟೆ ಒಡೆದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು ಇವನೇ.

ಆ ಮೊದಲ ಚಳಿಗಾಲದಲ್ಲಿ ಶತ್ರುವಿಗಿಂತ ಸಿಡುಬು ದೊಡ್ಡ ಭಯವಾಗಿತ್ತು. ವಾಷಿಂಗ್ಟನ್ ಧೈರ್ಯ ಮಾಡಿ ಸೈನಿಕರಿಗೆ ಸಿಡುಬು ಹಾಕಿಸಿದ. ಜೆನ್ನರ್‌ನ ಲಸಿಕೆ ಬರಲು ಇನ್ನೂ ಎರಡು ದಶಕವಿತ್ತು. ರೋಗಿಯ ಗುಳ್ಳೆಯ ಕೀವನ್ನೇ ಗಟ್ಟಿಮುಟ್ಟಾದವನ ಚರ್ಮ ಗೀರಿ ಸೇರಿಸುವ ಅಪಾಯದ ಪದ್ಧತಿ ಅದು. ಅದೇ ಸೈನ್ಯವನ್ನು ಉಳಿಸಿತು.

ನಿಜವಾದ ಪರೀಕ್ಷೆ 1779-80ರ ಚಳಿಗಾಲ. ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಊರಿನ ದಕ್ಷಿಣಕ್ಕಿರುವ ಜಾಕಿ ಹಾಲೋ ಕಾಡಿನಲ್ಲಿ ಮರ ಕಡಿದು, ದಿಮ್ಮಿಗಳನ್ನು ಜೋಡಿಸಿ, ಸಾವಿರಕ್ಕೂ ಹೆಚ್ಚು ಗುಡಿಸಲು ಕಟ್ಟಿಕೊಂಡರು. ಒಂದೊಂದರಲ್ಲಿ ಹನ್ನೆರಡು ಮಂದಿ. ಆ ವರ್ಷ ಇಪ್ಪತ್ತೆಂಟು ಸಲ ಹಿಮ ಸುರಿಯಿತು. ನ್ಯೂಯಾರ್ಕ್ ಬಂದರು ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿತೆಂದರೆ ಬ್ರಿಟಿಷರು ನೀರಿನ ಮೇಲೆ ಫಿರಂಗಿಗಳನ್ನು ಎಳೆದೊಯ್ದರು. ದಾರಿ ಮುಚ್ಚಿ ದಿನಸಿ ಬರಲಿಲ್ಲ. ಜೋಸೆಫ್ ಪ್ಲಂಬ್ ಮಾರ್ಟಿನ್ ಎಂಬ ಸಾಮಾನ್ಯ ಸೈನಿಕ ಮುಪ್ಪಿನಲ್ಲಿ ಬರೆದ ನೆನಪುಗಳ ಪ್ರಕಾರ, ನಾಲ್ಕು ದಿನ ಅವನ ಹೊಟ್ಟೆಗೆ ಬಿದ್ದದ್ದು ಒಂದಿಷ್ಟು ಮರದ ತೊಗಟೆ. ಹಳೆಯ ಜೋಡುಗಳನ್ನು ಸುಟ್ಟು ತಿಂದವರನ್ನೂ ಅವನು ಕಂಡಿದ್ದ. ಇದೇ ಸೈನ್ಯ ಹಿಂದೊಮ್ಮೆ ಚಳಿ ಕಳೆದ ವ್ಯಾಲಿ ಫೋರ್ಜ್‌ನ ಹೆಸರು ಅಮೆರಿಕದ ಪ್ರತಿ ಶಾಲಾ ಪುಸ್ತಕದಲ್ಲಿದೆ. ಚಳಿಯಲ್ಲಿ ಅದನ್ನು ಮೀರಿಸಿದ ಮಾರಿಸ್‌ಟೌನ್‌ಗೆ ಅಷ್ಟು ಹೆಸರು ಬರಲಿಲ್ಲ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ವ್ಯಾಲಿ ಫೋರ್ಜ್‌ಗೆ ಹೋಲಿಸಿದರೆ ಇಲ್ಲಿ ಸತ್ತವರು ಬಹಳ ಕಡಿಮೆ. ಗುಡಿಸಲುಗಳ ನಡುವೆ ಅಂತರ ಬಿಟ್ಟು ಕಟ್ಟುವುದನ್ನೂ ಶುಚಿ ಕಾಯುವುದನ್ನೂ ಅವರು ಆ ಹೊತ್ತಿಗೆ ಕಲಿತಿದ್ದರು.

ಆ ಚಳಿಗಾಲ ವಾಷಿಂಗ್ಟನ್ ಇದ್ದದ್ದು ಫೋರ್ಡ್ ಮ್ಯಾನ್ಷನ್‌ನಲ್ಲಿ. ಮನೆಯೊಡತಿ ಥಿಯೊಡೋಸಿಯಾ ಫೋರ್ಡ್ ಗಂಡನನ್ನು ಕಳೆದುಕೊಂಡ ಹೆಂಗಸು. ನಾಲ್ಕು ಮಕ್ಕಳೊಡನೆ ಎರಡು ಕೋಣೆಗೆ ಸರಿದು, ಉಳಿದ ಮನೆಯನ್ನು ದಂಡಿಗೆ ಬಿಟ್ಟುಕೊಟ್ಟಳು. ಆ ಬಿಳಿ ಮನೆಯ ಅಗಲವಾದ ನಡುಕೋಣೆಯಲ್ಲಿ ನಿಂತಾಗ ನನಗೆ ಸೇನಾಪತಿಗಿಂತ ಹೆಚ್ಚಾಗಿ ನೆನಪಾದವಳು ಅವಳು. 1780ರ ಮೇ 10ರಂದು ಅಮೆರಿಕದ ಪರವಾಗಿ ಹೋರಾಡುತ್ತಿದ್ದ ಫ್ರೆಂಚ್ ಸೇನಾನಿ ಲಾಫಯೆಟ್ ಇಲ್ಲಿಗೇ ಬಂದು, ಫ್ರಾನ್ಸ್ ಹಡಗುಗಳನ್ನೂ ಸುಮಾರು 6,000 ಸೈನಿಕರನ್ನೂ ಕಳಿಸುತ್ತಿದೆ ಎಂಬ ಸುದ್ದಿ ಮುಟ್ಟಿಸಿದ.

ಫ್ರೆಂಚರ ಅದೇ ಮೈತ್ರಿ ಮೈಸೂರಿನಲ್ಲೂ ಕಿಡಿ ಹೊತ್ತಿಸಿತ್ತು. 1778ರಲ್ಲಿ ಫ್ರಾನ್ಸ್ ಅಮೆರಿಕದ ಪಕ್ಷ ವಹಿಸಿದ್ದಕ್ಕೆ ಬ್ರಿಟಿಷರು ಭಾರತದ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. 1779ರಲ್ಲಿ ಮಾಹೆಯನ್ನು ಹಿಡಿದರು. ಮಾಹೆ ತನ್ನ ರಕ್ಷಣೆಯಲ್ಲಿದೆ ಎಂದಿದ್ದ ಹೈದರಾಲಿ ಕೆರಳಿದ. ಲಾಫಯೆಟ್ ಮಾರಿಸ್‌ಟೌನ್‌ಗೆ ಬಂದು ನಾಲ್ಕು ತಿಂಗಳಾದ ಮೇಲೆ, ಸೆಪ್ಟೆಂಬರ್ 10ರಂದು, ಪೊಲ್ಲಿಲೂರಿನಲ್ಲಿ ಬೈಲಿಯ ಬ್ರಿಟಿಷ್ ಪಡೆ ಮೈಸೂರಿನವರ ಕೈಯಲ್ಲಿ ನುಚ್ಚುನೂರಾಯಿತು. ಅಮೆರಿಕನ್ನರಿಗೆ ಈ ಸುದ್ದಿ ಹಿತವಾಗಿತ್ತು. ಪೆನ್ಸಿಲ್ವೇನಿಯಾದವರು 1782ರಲ್ಲಿ ಸಜ್ಜುಗೊಳಿಸಿದ ಯುದ್ಧನೌಕೆಯ ಹೆಸರೇ ‘ಹೈದರ್ ಅಲಿ’. ಆ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲಶಾಲಿಯಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ನ್ಯೂಜೆರ್ಸಿಯ ಕವಿ ಫಿಲಿಪ್ ಫ್ರೆನೊ ಈ ಹಡಗಿನ ಮೇಲೆ ಕವಿತೆಗಳನ್ನೂ ಕಟ್ಟಿದ. ಹಾಗಾಗಿ ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಯುದ್ಧ ಶಾಲೆಯ ಪಾಠವಾಗಿ ಮಾತ್ರ ಉಳಿಯಬೇಕಿಲ್ಲ. ಅಜ್ಜ ಅಜ್ಜಿಯ ನಾಡೂ ಅದರೊಳಗಿದೆ ಎಂದು ಇಲ್ಲಿಯೇ ನಿಂತು ಹೇಳಬಹುದು.

ಮಾರಿಸ್‌ಟೌನ್‌ನಲ್ಲಿ ಸೈನ್ಯದ ಕಷ್ಟ ಆ ಒಂದು ಚಳಿಗಾಲಕ್ಕೇ ಮುಗಿಯಲಿಲ್ಲ. 1781ರ ಜನವರಿ 1ರಂದು ಸಂಬಳವಿಲ್ಲದೆ ಬೇಸತ್ತ ಪೆನ್ಸಿಲ್ವೇನಿಯಾದ ಪಡೆ ಜಾಕಿ ಹಾಲೋದಲ್ಲಿ ದಂಗೆ ಎದ್ದು ಫಿಲಡೆಲ್ಫಿಯಾದ ಕಡೆ ಹೊರಟಿತು. ನಮ್ಮ ಕಡೆ ಬನ್ನಿ, ಬಾಕಿ ನಾವು ತೀರಿಸುತ್ತೇವೆ ಎಂದು ಬ್ರಿಟಿಷರು ದೂತರನ್ನು ಅಟ್ಟಿದರು. ಹಸಿದಿದ್ದ ಆ ಸೈನಿಕರು ದೂತರನ್ನೇ ಹಿಡಿದು ಒಪ್ಪಿಸಿದರು.

ಈ ನೆಲವೆಲ್ಲ 1933ರಿಂದ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಆ ಹೆಸರಿನಲ್ಲಿ ಅಮೆರಿಕದಲ್ಲಿ ಮೊದಲನೆಯದು. ಫೋರ್ಟ್ ನಾನ್ಸೆನ್ಸ್ ಎಂಬ ದಿಬ್ಬವೂ ಇದರ ಭಾಗ. ಆಕಾಶ ತಿಳಿಯಾಗಿದ್ದ ದಿನ ಅಲ್ಲಿಂದ ಮ್ಯಾನ್‌ಹಟನ್‌ನ ಕಟ್ಟಡಗಳ ಸಾಲು ಕಾಣುತ್ತದೆ.

ಊರ ನಡುವಿನ ಹುಲ್ಲುಹಾಸನ್ನು ಎಲ್ಲರೂ ಗ್ರೀನ್ ಎನ್ನುತ್ತಾರೆ. ವಾಷಿಂಗ್ಟನ್, ಲಾಫಯೆಟ್, ವಾಷಿಂಗ್ಟನ್‌ನ ಸಹಾಯಕನಾಗಿದ್ದ ಹ್ಯಾಮಿಲ್ಟನ್ ಮೂವರೂ ಮಾತಾಡುತ್ತ ನಿಂತ ಕಂಚಿನ ಪ್ರತಿಮೆಗಳು ಅಲ್ಲಿವೆ. ಹ್ಯಾಮಿಲ್ಟನ್ ಎಲಿಜಬೆತ್ ಸ್ಕೈಲರ್‌ಳನ್ನು ಒಲಿಸಿಕೊಂಡದ್ದೂ ಆ ಕೆಟ್ಟ ಚಳಿಯಲ್ಲೇ, ಇದೇ ಊರಿನಲ್ಲಿ. ಇನ್ನೊಂದು ಪ್ರತಿಮೆ ಮಾರಿಸ್ ಫ್ರಾಂಕ್ ಮತ್ತು ಅವನ ನಾಯಿ ಬಡ್ಡಿಯದು. ಅಂಧರಿಗೆ ದಾರಿ ತೋರುವ ನಾಯಿಗಳನ್ನು ತರಬೇತುಗೊಳಿಸುವ, ಫ್ರಾಂಕ್ ಕಟ್ಟಲು ನೆರವಾದ ‘ಸೀಯಿಂಗ್ ಐ’ ಸಂಸ್ಥೆ 1929ರಲ್ಲಿ ಶುರುವಾಗಿ ಈಗ ಮಾರಿಸ್‌ಟೌನ್‌ನಲ್ಲಿದೆ. ಪೇಟೆಯ ಬೀದಿಗಳಲ್ಲೇ ಅದರ ನಾಯಿಗಳು ಕಲಿಯುತ್ತವೆ. ಎದುರಾದರೆ ಮುಟ್ಟಲು, ಕರೆಯಲು ಹೋಗಬಾರದು. ಮಕ್ಕಳಿಗೆ ಮೊದಲೇ ಹೇಳಿಡಿ.

ಸ್ಪೀಡ್‌ವೆಲ್‌ನ ಹಳೆಯ ಕಾರ್ಖಾನೆಗೂ ಒಂದು ಗಂಟೆ ಇಡಿ. 1838ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಮತ್ತು ಆಲ್ಫ್ರೆಡ್ ವೇಲ್ ಇಲ್ಲಿ ಎರಡು ಮೈಲಿ ತಂತಿಯ ಮೂಲಕ ಸಂದೇಶ ಕಳಿಸಿ ವಿದ್ಯುತ್ ಟೆಲಿಗ್ರಾಫ್ ಕೆಲಸ ಮಾಡುತ್ತದೆಂದು ತೋರಿಸಿದರು. ವೇಲ್‌ನ ತಂದೆಯ ಕಬ್ಬಿಣದ ಕಾರ್ಖಾನೆ ಇದು. ಮೋರ್ಸ್‌ನ ಹೆಸರು ಲೋಕಕ್ಕೆಲ್ಲ ಗೊತ್ತು. ಯಂತ್ರಕ್ಕೆ ರೂಪ ಕೊಟ್ಟ ವೇಲ್ ಹಿಂದೆ ಉಳಿದ. ವ್ಯಂಗ್ಯಚಿತ್ರ ಪ್ರಿಯರಾದರೆ ಮೆಕಲಕ್ ಹಾಲ್ ಎಂಬ ವಸ್ತುಸಂಗ್ರಹಾಲಯ ನೋಡಿ. ಇಂದಿನ ಸಾಂತಾಕ್ಲಾಸ್‌ಗೆ ಮುಖ ಕೊಟ್ಟ, ರಿಪಬ್ಲಿಕನ್ ಪಕ್ಷದ ಆನೆಯನ್ನು ಜನಪ್ರಿಯಗೊಳಿಸಿದ ಥಾಮಸ್ ನ್ಯಾಸ್ಟ್ ಅದರ ಎದುರು ಮನೆಯಲ್ಲೇ ವಾಸವಾಗಿದ್ದ. ಅವನ ಚಿತ್ರಗಳ ದೊಡ್ಡ ಸಂಗ್ರಹ ಮೆಕಲಕ್ ಹಾಲ್‌ನಲ್ಲಿದೆ.

ಫೋರ್ಡ್ ಮ್ಯಾನ್ಷನ್, ಗ್ರೀನ್ ಎರಡಕ್ಕೂ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಜಾಕಿ ಹಾಲೋಗೆ ಕಾರು ಬೇಕು. ಎಲೆ ಕೆಂಪಾಗುವ ಅಕ್ಟೋಬರ್‌ನಲ್ಲಿ ಎಲ್ಲರೂ ಬರುತ್ತಾರೆ. ನನ್ನನ್ನು ಕೇಳಿದರೆ ಜನವರಿಯಲ್ಲಿ, ಹಿಮ ಬಿದ್ದ ಮರುದಿನ ಹೋಗಿ. ದಪ್ಪ ಸಾಕ್ಸು, ಜಾರದ ಶೂ ಇರಲಿ. ದಿಮ್ಮಿ ಗುಡಿಸಲುಗಳನ್ನು ಗುಡ್ಡದ ಇಳಿಜಾರಿನಲ್ಲಿ ಹಿಂದಿನಂತೆಯೇ ಮತ್ತೆ ಕಟ್ಟಿಟ್ಟಿದ್ದಾರೆ. ಕಾರು ನಿಲ್ಲಿಸಿ ಒಂದಿಷ್ಟು ಏರಿದರೆ ಸಿಗುತ್ತವೆ. ಒಳಗೆ ಹೋಗಿ ಹಲಗೆಯ ಮಂಚಗಳ ಮೇಲೆ ಕೈಯಿಟ್ಟು, ಹನ್ನೆರಡು ಮಂದಿ ಎಲ್ಲೆಲ್ಲಿ ಮಲಗಿದ್ದಾರು ಎಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿ.